ಚಪ್ಪಾಳೆ ತಟ್ಟದವರು

"ಗುರುಗಳೇ, ನಾಳೆ ದೊಡ್ಡ ತಂಡದವರು ನಮ್ಮ ಹುಡುಗನನ್ನು ನೋಡಲಿಕ್ಕೆ ಬರುತ್ತಾರೆ. ಜ್ವರ ಬಂದಿದೆ ಅಂತ ಹೇಳಿ ಮನೆಯಲ್ಲಿ ಮಲಗಿಸಿಬಿಡಲೇ?"

ಕೇಳಿದವನು ಅಡಿವೆಪ್ಪ. ಕೆಳಗಿನ ಲೀಗಿನ ಒಂದು ಸಣ್ಣ ಫುಟ್‌ಬಾಲ್ ತಂಡಕ್ಕೆ ಆಟ ಕಲಿಸುವವನು. ಗುರುಗಳ ಹತ್ತಿರ ಅವನು ಬರುತ್ತಿದ್ದದ್ದು ತಾಳ್ಮೆ ಕಲಿಯಲಿಕ್ಕೆ. ಕಲಿತಿದ್ದಷ್ಟೂ ಆವತ್ತಿಗೆ ಖರ್ಚಾಗಿತ್ತು.

ತನ್ನ ಕಷ್ಟವನ್ನು ಅವನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ವರ್ಷವಿಡೀ ಒಬ್ಬನನ್ನು ತಿದ್ದುವುದು. ಕೈಗೆ ಬಂದ ಅನ್ನುವಷ್ಟರಲ್ಲಿ ಮೇಲಿನವರು ಬಂದು ಎತ್ತಿಕೊಂಡು ಹೋಗುವುದು. ಸಂಘದವರು ದುಡ್ಡಿನ ಮುಖ ನೋಡಿ ತಲೆಯಾಡಿಸುವುದು. ಮತ್ತೆ ಹೊಸಬರು, ಮತ್ತೆ ಮೊದಲಿನಿಂದ, ಚೆಂಡನ್ನು ಕೈಯಿಂದ ಮುಟ್ಟಬಾರದು ಕಣೋ ಅನ್ನುವಲ್ಲಿಂದ ಶುರು. ಅಡುಗೆ ಮಾಡುವವನು ತಾನು, ಉಣ್ಣುವವರು ಪಕ್ಕದ ಮನೆಯವರು, ತೊಳೆಯುವ ಪಾತ್ರೆ ಮಾತ್ರ ತನ್ನ ಪಾಲಿಗೆ. ಸಿಟ್ಟು ಬಂದಿದ್ದರೆ ಹೇಗೋ ನಡೆಯುತ್ತಿತ್ತು, ಆದರೆ ದಣಿವಾಗಿದೆ ಎಂದ.

ಗುರುಗಳಿಗೆ ಫುಟ್‌ಬಾಲು ಎಷ್ಟರಮಟ್ಟಿಗೆ ತಿಳಿದಿತ್ತೋ ಯಾರಿಗೂ ತಿಳಿಯದು. ಆದರೆ ಪ್ರಶ್ನೆ ಅವರಿಗೆ ಹೊಸದಲ್ಲ. ಹೋದ ವಾರ ಒಬ್ಬ ನಾಟಕ ಕಂಪನಿಯ ಮಾಲೀಕ ಬಂದು ತನ್ನ ನಾಯಕ ನಟನ ಬಗ್ಗೆ ಇದನ್ನೇ ಕೇಳಿದ್ದ. ಅದಕ್ಕೂ ಮೊದಲು ಒಬ್ಬ ಹೋಟೆಲಿನವನು ತನ್ನ ದೋಸೆ ಭಟ್ಟನ ಬಗ್ಗೆ. ಗುರುಗಳು ಹೂಂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕೂತ್ಕೋ ಎಂದು ಒಂದು ಕತೆ ಹೇಳಿದರು.

ಒಂದು ಊರು. ಊರಿಗೊಂದು ತಂಡ. ತಂಡಕ್ಕೊಬ್ಬ ಮಾಸ್ತರ. ಹಗಲು ಸೈಕಲ್ ಪಂಕ್ಚರ್ ತಿದ್ದುವವನು, ಸಂಜೆ ಆಟ ಕಲಿಸುವವನು. ಎರಡೂ ಗಾಳಿ ತುಂಬುವ ಕೆಲಸವೇ ಬಿಡು ಎಂದು ಊರವರು ನಗುತ್ತಿದ್ದರು.

ತಂಡ ಆಡುತ್ತಿದ್ದದ್ದು ಎಲ್ಲಕ್ಕಿಂತ ಕೆಳಗಿನ ಲೀಗಿನಲ್ಲಿ. ಅಲ್ಲಿಂದ ಕೆಳಗೆ ಬೀಳಲಿಕ್ಕೆ ಜಾಗವೇ ಇಲ್ಲ, ಆ ಒಂದು ನೆಮ್ಮದಿ. ವರ್ಷಕ್ಕೊಬ್ಬ ಚೆನ್ನಾಗಿ ಆಡುವವನು ತಯಾರಾಗುತ್ತಿದ್ದ. ವರ್ಷಕ್ಕೊಮ್ಮೆ ಮೇಲಿನ ತಂಡಗಳ ಕಡೆಯಿಂದ ಒಬ್ಬ ವ್ಯಾಪಾರಿ ಬರುತ್ತಿದ್ದ. ಶೇಂಗಾ ತಿನ್ನುತ್ತ ಆಟ ನೋಡುವನು, ಸಂಘದ ಹಿರಿಯರ ಜೊತೆ ಮಾತು ಮುಗಿಸುವನು, ಆಟಗಾರನನ್ನು ಕರೆದುಕೊಂಡು ಹೋಗುವನು. ಹಿರಿಯರು ಬಸ್ ಸ್ಟ್ಯಾಂಡಿನಲ್ಲಿ ಹಾರ ಹಾಕಿ, ಹೋದ ವರ್ಷದ ಭಾಷಣವನ್ನೇ ಹೆಸರು ಬದಲಿಸಿ ಹೇಳುವರು. ಬಂದ ದುಡ್ಡಿನಲ್ಲಿ ಗೋಲಿಗೆ ಹೊಸ ಬಲೆ ಕಟ್ಟಿಸುವರು. ಬಲೆ ಹೊಸದು, ಅದರೊಳಗೆ ಚೆಂಡು ಹೊಡೆಯುವವನು ಬಸ್ಸಿನಲ್ಲಿ.

ಹೀಗಾಗಿ ಆ ಊರವರಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಯಾರಾದರೂ ಒಳ್ಳೆಯ ಗೋಲು ಹೊಡೆದರೆ ಮೊದಲು ಚಪ್ಪಾಳೆ ತಟ್ಟುವರು, ಹಿಂದೆಯೇ ನಿಟ್ಟುಸಿರು ಬಿಡುವರು. ಇವನೂ ಹೋದ ಅಂತ ಲೆಕ್ಕ. ಶೇಂಗಾ ಮಾರುವ ಮುದುಕಿಯಂತೂ, ನಮ್ಮದು ತಂಡವಲ್ಲ, ಸಸಿಮಡಿ, ನೀರು ಹಾಕುವವರು ನಾವು, ಕಿತ್ತು ನೆಟ್ಟುಕೊಳ್ಳುವವರು ಬೇರೆ ಅನ್ನುತ್ತಿದ್ದಳು.

ಹೀಗಿರುವಾಗ ತಂಡಕ್ಕೆ ಒಬ್ಬ ನೇಕಾರ ಬಂದ. ಚಿಕ್ಕಂದಿನಿಂದ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ತುಳಿದವನು. ಅವನಿಗೆ ಬಲಗಾಲು ಎಡಗಾಲು ಎಂಬ ಭೇದವಿರಲಿಲ್ಲ. ಚೆಂಡು ಎತ್ತಲಿಂದ ಬಂದರೂ ಹತ್ತಿರದ ಕಾಲು ಹತ್ತಿರದ ಕೆಲಸ ಮುಗಿಸುತ್ತಿತ್ತು. ಯೋಚನೆ ಆಮೇಲೆ ನಿಧಾನಕ್ಕೆ ಬಂದು ಕೂಡಿಕೊಳ್ಳುತ್ತಿತ್ತು.

ಅವನ ಆಟವನ್ನು ಮೊದಲು ನೋಡಿದ ಸಂಜೆ ಮಾಸ್ತರನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮತ್ತೊಂದು ಹಾರ ಕಣ್ಣಮುಂದೆ ಬಂತು. ಆ ಹಾರದ ಜೊತೆಗೇ ಒಂದು ಹಟವೂ ಬಂತು. ಇವನೊಬ್ಬನನ್ನು ಎರಡು ವರ್ಷ ಉಳಿಸಿಕೊಂಡರೆ ತಂಡ ಮೇಲಿನ ಲೀಗಿಗೆ ಏರುತ್ತದೆ. ಏರಿದರೆ ಊರಿನ ಜೊತೆ ಇವನೂ ಏರಿದ ಹಾಗೆ, ಯಾರೂ ಯಾರನ್ನೂ ಮಾರಬೇಕಾಗಿಲ್ಲ. ಒಂದೇ ಸಲ, ಒಬ್ಬನೇ ಒಬ್ಬ. ಅಷ್ಟೇ ಅವನ ಆಸೆ. ದೇವರ ಹತ್ತಿರ ಜನ ಇದಕ್ಕಿಂತ ದೊಡ್ಡದನ್ನು ಕೇಳಿ ಕೊಡಿಸಿಕೊಂಡದ್ದುಂಟು.

ವ್ಯಾಪಾರಿಯ ಕಣ್ಣಿಗೆ ಇವನನ್ನು ಬೀಳಿಸಬಾರದು. ಆದರೆ ವ್ಯಾಪಾರಿಯನ್ನು ಗುರುತಿಸುವುದು ಹೇಗೆ? ಅವನು ಒಮ್ಮೆ ಟೋಪಿ ಹಾಕಿಕೊಂಡು ಬರುವನು, ಒಮ್ಮೆ ಕಪ್ಪು ಕನ್ನಡಕ, ಒಮ್ಮೆ ಮೀಸೆಯನ್ನೇ ಬೋಳಿಸಿಕೊಂಡು ಬಂದಿದ್ದ. ಮಾಸ್ತರ ಟ್ಯೂಬು ನೀರಿನಲ್ಲಿ ಅದ್ದಿ ತೂತು ಹುಡುಕುತ್ತ ಹುಡುಕುತ್ತ ಒಂದು ಗುರುತು ಕಂಡುಹಿಡಿದ. ಒಳ್ಳೆಯ ಗೋಲಿಗೆ ಮೈದಾನದಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ವ್ಯಾಪಾರಿ ತಟ್ಟುವುದಿಲ್ಲ. ಸಂತೆಯಲ್ಲಿ ಎತ್ತು ಮೆಚ್ಚಿದವನು ಮೊದಲು ಅದರ ಹಲ್ಲು ಹಳಿಯುತ್ತಾನೆ. ಕೊಳ್ಳುವವನು ಸರಕನ್ನು ಹೊಗಳಿ ಬೆಲೆ ಏರಿಸಿಕೊಳ್ಳುತ್ತಾನೆಯೇ? ಚಪ್ಪಾಳೆ ತಟ್ಟದವನು ಯಾರೋ ಅವನೇ ವ್ಯಾಪಾರಿ.

ಮಾಸ್ತರ ನೇಕಾರನನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟ. ನನ್ನ ಟವೆಲ್ಲು ಕೈಯಲ್ಲಿದ್ದರೆ ಆಡು, ಹೆಗಲ ಮೇಲೆ ಹಾಕಿಕೊಂಡರೆ ಕುಂಟು.

ನೇಕಾರ ತನ್ನ ಕಾಲನ್ನು ಸ್ವಲ್ಪ ಹೊತ್ತು ನೋಡಿಕೊಂಡ.

"ಇದು ಮೋಸ ಅಲ್ಲೇನ್ರಿ ಮಾಸ್ತರ್ರೇ?"

"ಮೋಸ ಅಲ್ಲೋ ತಮ್ಮಾ, ಮುಚ್ಚಿಡೋದು. ಮನೆಯಲ್ಲಿ ತುಪ್ಪ ಇದೆ ಅಂತ ಮೀಸೆಗೆ ಹಚ್ಚಿಕೊಂಡು ಓಣಿ ತಿರುಗ್ತಾರೇನು?"

ನೇಕಾರನಿಗೆ ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ. ಆಯಿತು ಅಂದ.

ಆ ವರ್ಷ ವ್ಯಾಪಾರಿ ಕೋಟು ಹಾಕಿಕೊಂಡು ಬಂದ, ಮದುವೆಗೆ ಬಂದು ದಾರಿ ತಪ್ಪಿದವನ ಹಾಗೆ. ನೇಕಾರ ಒಂದು ಗೋಲು ಹೊಡೆದ. ಮೈದಾನವೆಲ್ಲ ಚಪ್ಪಾಳೆ. ಕೋಟಿನವನ ಕೈ ಮಾತ್ರ ಶೇಂಗಾ ಪೊಟ್ಟಣದಿಂದ ಹೊರಗೆ ಬರಲಿಲ್ಲ. ಟವೆಲ್ಲು ಹೆಗಲೇರಿತು. ಮರುಗಳಿಗೆಗೆ ನೇಕಾರ ಕಾಲೆಳೆಯತೊಡಗಿದ. ಬಂದ ಚೆಂಡನ್ನು ಗೋಡೆಯಾಚೆ ಎಮ್ಮೆ ಕಟ್ಟಿದ ಕೊಟ್ಟಿಗೆಗೆ ಒದ್ದ. ಇನ್ನೊಂದನ್ನು ಒದೆಯಲಿಕ್ಕೆ ಹೋಗಿ ತಾನೇ ಬಿದ್ದ. ವ್ಯಾಪಾರಿ ಅರ್ಧ ಆಟಕ್ಕೇ ಎದ್ದು, ಕೋಟಿನ ಮೇಲಿನ ಸಿಪ್ಪೆ ಕೊಡವಿಕೊಂಡು ಬಸ್ಸು ಹಿಡಿದ.

ಬಸ್ಸು ಊರು ದಾಟಿದ ಮೇಲೆ ನೇಕಾರ ಮತ್ತೆರಡು ಗೋಲು ಹೊಡೆದ. ಊರವರು ನಿಟ್ಟುಸಿರಿಲ್ಲದೆ ಚಪ್ಪಾಳೆ ತಟ್ಟಿದ್ದು ಅದೇ ಮೊದಲು. ಸಂಘದ ಹಿರಿಯರೂ ನಕ್ಕು, ಈ ವರ್ಷ ಹಳೆಯ ಬಲೆಯನ್ನೇ ಹೊಲಿದರಾಯಿತು ಎಂದರು.

ಇಷ್ಟು ಕೇಳುವಾಗ ಅಡಿವೆಪ್ಪನ ಮುಖ ಅರಳಿತ್ತು. ಟವೆಲ್ಲಿನ ಉಪಾಯ ಜ್ವರದ ಉಪಾಯಕ್ಕಿಂತ ವಾಸಿ ಎಂದು ಅವನು ಮನಸ್ಸಿನಲ್ಲೇ ಗಂಟು ಹಾಕಿಕೊಳ್ಳುತ್ತಿದ್ದ. ಗುರುಗಳು ಅದನ್ನು ನೋಡಿಯೂ ಕತೆಯನ್ನು ಅಲ್ಲಿಗೆ ನಿಲ್ಲಿಸಲಿಲ್ಲ.

ಮಾಸ್ತರನಿಗೆ ಈಗ ಆಟ ನೋಡಲಿಕ್ಕೆ ಪುರಸೊತ್ತಿರಲಿಲ್ಲ. ಅವನು ಆಟಕ್ಕೆ ಬೆನ್ನು ಹಾಕಿ, ನೋಡುವವರನ್ನು ನೋಡುತ್ತಿದ್ದ. ಒಂದು ದಿನ ಕೈಗೆ ಪಟ್ಟಿ ಸುತ್ತಿಕೊಂಡವನೊಬ್ಬ ಚಪ್ಪಾಳೆ ತಟ್ಟಲಿಲ್ಲ. ಟವೆಲ್ಲು ಹೆಗಲೇರಿತು. ಅವನು ಹಿಟ್ಟಿನ ಗಿರಣಿಯಲ್ಲಿ ಬೆರಳು ಜಜ್ಜಿಸಿಕೊಂಡವನು ಎಂದು ತಿಳಿದದ್ದು ಸೋತ ಮೇಲೆ. ಹೊಸದಾಗಿ ಬಂದ ಪೊಲೀಸನೊಬ್ಬ ಚಪ್ಪಾಳೆ ತಟ್ಟುವುದು ಯೂನಿಫಾರಮ್ಮಿಗೆ ಕಮ್ಮಿ ಎಂದು ಸುಮ್ಮನಿದ್ದ. ಟವೆಲ್ಲು. ಮಾವನ ಮನೆಗೆ ಬಂದ ಅಳಿಯನೊಬ್ಬ ಉಡುಗೊರೆಯ ವಿಷಯಕ್ಕೆ ಮುಖ ಊದಿಸಿಕೊಂಡು ಕೂತಿದ್ದ. ಟವೆಲ್ಲು. ಮುದುಕನೊಬ್ಬ ಗೋಡೆಗೊರಗಿ ನಿದ್ದೆ ಹೊಡೆಯುತ್ತಿದ್ದ. ಕಣ್ಣು ಮುಚ್ಚಿಕೊಂಡೇ ಬೆಲೆ ಕಟ್ಟುವವರೂ ಇರುತ್ತಾರೆ ಎಂದು ಮಾಸ್ತರ ಆಗಲೂ ಟವೆಲ್ಲು ಏರಿಸಿದ.

ಟವೆಲ್ಲು ಏರಿದ ಆಟವೆಲ್ಲ ಸೋತ ಆಟ. ಸೋಲುವ ತಂಡಕ್ಕೆ ಚಪ್ಪಾಳೆ ತಟ್ಟುವವರು ಯಾರು? ಜನ ಕೈಕಟ್ಟಿಕೊಂಡು ಕೂರತೊಡಗಿದರು. ಮಾಸ್ತರನ ಲೆಕ್ಕದಲ್ಲಿ ಅವರೆಲ್ಲ ವ್ಯಾಪಾರಿಗಳು. ಅವರಿಗೆ ಹೆದರಿ ಮತ್ತೆ ಟವೆಲ್ಲು, ಮತ್ತೆ ಸೋಲು, ಕೈಕಟ್ಟಿದವರು ಮತ್ತಷ್ಟು. ಕೊನೆಗೆ ಇಡೀ ಮೈದಾನದಲ್ಲಿ ಒಬ್ಬನೂ ಚಪ್ಪಾಳೆ ತಟ್ಟದ ದಿನ ಬಂತು. ಆವತ್ತು ಮಾಸ್ತರನಿಗೆ ಕಂಡಕಂಡಲ್ಲೆಲ್ಲ ಕೊಳ್ಳುವವರೇ. ಟವೆಲ್ಲು ಹೆಗಲಿನಿಂದ ಇಳಿಯುವುದನ್ನೇ ಬಿಟ್ಟಿತು.

ನಿಜವಾದ ವ್ಯಾಪಾರಿ ಮಾತ್ರ ಆ ಊರಿನ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ಕುಂಟುವವನನ್ನು ನೋಡಲಿಕ್ಕೆ ಬಸ್ ಚಾರ್ಜು ಕೊಟ್ಟು ಯಾರು ಬರುತ್ತಾರೆ?

ನೇಕಾರ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಮೊದಮೊದಲು ಕುಂಟುವುದು ಅವನಿಗೆ ಕಷ್ಟವಾಗುತ್ತಿತ್ತು, ಎಡವಟ್ಟಾಗಿ ಕುಂಟುತ್ತಿದ್ದ. ಆಮೇಲೆ ಅದರಲ್ಲೂ ಪಳಗಿದ. ಹೊಸದಾಗಿ ಸೇರಿದವರಿಗೆ ಟವೆಲ್ಲಿನ ವಿಷಯ ಗೊತ್ತಿರಲಿಲ್ಲ, ಅವರು ಅವನನ್ನು ಕುಂಟ ಎಂದೇ ಕರೆದರು. ಗೊತ್ತಿದ್ದವರೂ ಮರೆತರು. ಒಂದು ದಿನ ಅವನ ತಾಯಿ, ಮಗ್ಗದಲ್ಲಿ ಯಾಕೋ ನಿನ್ನ ಒಂದು ಕಾಲು ಹಿಂದೆ ಬೀಳುತ್ತಿದೆಯಲ್ಲ ಎಂದು ಕೇಳಿದಳು. ಅವನು ತಲೆ ಬಗ್ಗಿಸಿ ನೋಡಿಕೊಂಡ. ಹೌದು, ಬೀಳುತ್ತಿತ್ತು.

ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಸಂಘದ ಹಿರಿಯರು ಬಂದು ಮಾಸ್ತರನ ಅಂಗಡಿಯ ಮುಂದೆ ಕೂತರು. ಗೆಲುವೂ ಇಲ್ಲ, ಮಾರಾಟವೂ ಇಲ್ಲ, ಬಲೆಯಲ್ಲಿ ಚೆಂಡಿರಲಿ ಎಮ್ಮೆಯೇ ನುಸುಳಿಹೋಗುತ್ತದೆ, ತಂಡ ಮುಚ್ಚೋಣ, ಇಲ್ಲವೇ ನೇಕಾರನನ್ನು ಮಾರೋಣ ಎಂದರು. ಮಾಸ್ತರ ಪಂಪು ಕೆಳಗಿಟ್ಟ. ಜಗಳವಾಡುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ವ್ಯಾಪಾರಿಯನ್ನು ಕರೆಸಿರಿ, ಹುಡುಗನಾದರೂ ಎಲ್ಲಾದರೂ ಆಡಿಕೊಂಡಿರಲಿ ಎಂದ. ಒಬ್ಬ ಒಳ್ಳೆಯ ಆಟಗಾರನಿದ್ದಾನೆ, ಬಂದು ನೋಡಿ ಎಂದು ವ್ಯಾಪಾರಿಗೆ ಹೇಳಿ ಕಳಿಸಿದರು.

ಆಟದ ದಿನ ವ್ಯಾಪಾರಿ ವೇಷವಿಲ್ಲದೆ ಬಂದು ಮಾಸ್ತರನ ಪಕ್ಕದಲ್ಲೇ ಕೂತ. ಕೈ ಅಭ್ಯಾಸದಿಂದ ಮೇಲೇರಿಬಿಟ್ಟೀತು ಎಂದು ಮಾಸ್ತರ ಆವತ್ತು ಟವೆಲ್ಲನ್ನು ಮನೆಯಲ್ಲೇ ಬಿಟ್ಟುಬಂದಿದ್ದ. ಇವತ್ತು ಮುಚ್ಚಿಡುವುದೇನೂ ಇಲ್ಲ, ಹುಡುಗ ತಾನಾಗಿಯೇ ಆಡುತ್ತಾನೆ ಎಂದುಕೊಂಡಿದ್ದ. ಅದನ್ನು ನೇಕಾರನಿಗೆ ಹೇಳಬೇಕು ಎಂದು ಅವನಿಗೆ ಹೊಳೆದಿರಲಿಲ್ಲ.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಚೆಂಡು ನೇಕಾರನ ಕಾಲಿಗೆ ಬಂತು. ಎದುರಿನ ಗೋಲು ಕಾಯುವವನು ಜಾರಿ ಬಿದ್ದಿದ್ದ. ಗೋಲು ಬಾಗಿಲು ತೆಗೆದ ಮನೆಯಂತೆ ಖಾಲಿ. ನೇಕಾರ ಚೆಂಡನ್ನು ನಿಲ್ಲಿಸಿ ಮೈದಾನದ ಅಂಚಿನ ಕಡೆ ತಿರುಗಿದ. ಟವೆಲ್ಲು ಮಾಸ್ತರನ ಕೈಯಲ್ಲೂ ಇಲ್ಲ, ಹೆಗಲ ಮೇಲೂ ಇಲ್ಲ.

"ಮಾಸ್ತರ್ರೇ, ಈಗ ಆಡ್ಲೇನ್ರಿ, ಬ್ಯಾಡೇನ್ರಿ?"

ಮಾಸ್ತರ ಎದ್ದು ನಿಂತು ಬಾಯಿ ತೆರೆಯುವಷ್ಟರಲ್ಲಿ ಎದುರಾಳಿಯೊಬ್ಬ ಬಂದು, ನಿದ್ದೆಗಣ್ಣಿನವನ ಕೈಯಿಂದ ಲೋಟ ತೆಗೆದುಕೊಂಡ ಹಾಗೆ ಚೆಂಡು ತೆಗೆದುಕೊಂಡು ಹೋದ. ಆಡೋ, ಆಡೋ ಎಂದು ಮಾಸ್ತರ ಗಂಟಲು ಹರಿದುಕೊಂಡ. ನೇಕಾರ ತಲೆಯಾಡಿಸಿದ. ಆದರೂ ಮುಂದಿನ ಚೆಂಡು ಬಂದಾಗ ಅವನು ಮೊದಲು ಅಂಚಿನ ಕಡೆಗೇ ನೋಡಿದ. ಅದರ ಮುಂದಿನದಕ್ಕೂ ನೋಡಿದ. ಆಮೇಲಾಮೇಲೆ ಎದುರಾಳಿಗಳು ಅವನ ಹತ್ತಿರ ಓಡಿಬರುವುದನ್ನೂ ಬಿಟ್ಟು ನಡೆದುಕೊಂಡೇ ಬಂದರು.

ಆಟ ಮುಗಿಯಿತು. ನೇಕಾರ ಬಂದು ಬೆಂಚಿನ ಆ ತುದಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚತೊಡಗಿದ. ವ್ಯಾಪಾರಿ ಯಾರನ್ನೂ ಬೇಕು ಅನ್ನಲಿಲ್ಲ. ಕರೆಸಿದವರ ಮೇಲೆ ಸಿಟ್ಟೂ ಮಾಡಲಿಲ್ಲ. ಇಂಥ ಮೈದಾನಗಳನ್ನು ಸುತ್ತಿ ಸುತ್ತಿ ಅವನೂ ದಣಿದವನೇ. ಹೊರಡುವ ಮುಂಚೆ ಮಾಸ್ತರನನ್ನು ಒಂದು ಮಾತು ಕೇಳಿದ.

"ಎರಡು ವರ್ಷದ ಹಿಂದೆ ಇಲ್ಲಿ ಒಬ್ಬ ಹುಡುಗ ಒಂದು ಗೋಲು ಹೊಡೆದಿದ್ದ, ಮಾಸ್ತರ್ರೇ. ಕಾಲು ಕೆಟ್ಟಿದೆ ಅಂತ ಬಿಟ್ಟುಹೋದೆ. ಆದರೆ ಆ ಗೋಲು ಇವತ್ತಿಗೂ ನನ್ನ ಕಣ್ಣಲ್ಲಿದೆ. ಅವನನ್ನು ಯಾರಿಗೆ ಕೊಟ್ಟಿರಿ?"

ಬೆಂಚಿನ ತುದಿಯಲ್ಲಿದ್ದ ನೇಕಾರ ಲೇಸು ಬಿಟ್ಟು ತಲೆಯೆತ್ತಿದ. ತನಗೂ ಅದರ ಉತ್ತರ ಬೇಕಾಗಿದೆ ಅನ್ನುವವನ ಹಾಗೆ ಮಾಸ್ತರನ ಮುಖ ನೋಡಿದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಅಡಿವೆಪ್ಪ ಕಾದ. ಕೊನೆಗೆ ಅವನೇ, ಅದಕ್ಕೆ ಮಾಸ್ತರ ಏನಂದ ಗುರುಗಳೇ ಎಂದು ಮೆಲ್ಲಗೆ ಕೇಳಿದ.

"ಮಾರಿದವರೆಲ್ಲ ಯಾವ ಯಾವ ಊರಿನಲ್ಲಿ ಆಡುತ್ತಿದ್ದಾರೆ ಅಂತ ಅವನಿಗೆ ಬಾಯಿಪಾಠವಾಗಿತ್ತಪ್ಪಾ," ಎಂದರು ಗುರುಗಳು, "ಮಾರದೆ ಇಟ್ಟುಕೊಂಡವನು ಎಲ್ಲಿ ಹೋದ ಅಂತ ಮಾತ್ರ ಗೊತ್ತಿರಲಿಲ್ಲ."