ಎರಡು ಬೆರಳು ಎತ್ತರ

ಕಣ್ಣಿಗೆ ಮದ್ದಿನ ಹನಿಯನ್ನು ಎರಡು ಬೆರಳು ಎತ್ತರದಿಂದ ಬಿಡಬೇಕು. ಈ ಮಾತು ಕಲ್ಲೇಶನಿಗೆ ಬಾಯಿಪಾಠವಾಗಿತ್ತು. ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಒಪ್ಪಿಸುತ್ತಿದ್ದ. ಬಾಯಿಪಾಠ ಎಷ್ಟೋ ಸಲ ಬಾಯಲ್ಲೇ ಉಳಿದುಬಿಡುತ್ತದೆ, ಕೈಗೆ ಇಳಿಯುವುದಿಲ್ಲ.

ಅವನ ಗುರು ಮರುಳಯ್ಯನವರು ಹೊಳೆಯ ದಂಡೆಯ ಮಠದಲ್ಲಿ ಕಣ್ಣಿನ ವೈದ್ಯ ಮಾಡುತ್ತಿದ್ದರು. ಆರು ವರ್ಷ ಅವರಿಗಾಗಿ ಕಲ್ಲೇಶ ಮದ್ದು ಅರೆದಿದ್ದ, ಸೋಸಿದ್ದ. ಈ ಬೇಸಿಗೆಯಲ್ಲಿ ಗುರುಗಳ ಕೈ ನಡುಗತೊಡಗಿತು. ಇನ್ನು ಹನಿ ಹಾಕುವವನು ನೀನೇ ಎಂದರು.

ಮೊದಲು ಬಂದ ರೋಗಿ ಅವನ ತಾಯಿ ಹಾಲಮ್ಮ.

ಅವಳ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣು ಕೆಂಪಗೆ ಊದಿಕೊಂಡು, ಬೆಳಕು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ತನ್ನ ತಮ್ಮನ ಗಾಡಿಯಲ್ಲಿ ಬಂದವಳು ಜಗಲಿಯ ಮೇಲೆ ಕೂತು, ಮಗ ಎಲ್ಲಿ ಎಂದಷ್ಟೇ ಕೇಳಿದಳು. ಇಲ್ಲೇ ಇದ್ದೀನಿ ಎಂದು ಕಲ್ಲೇಶ ಕಂಬದ ಆಚೆಯಿಂದ ಹೇಳಿದ.

ಚಿಪ್ಪಿನಲ್ಲಿ ಉಳಿದಿದ್ದದ್ದು ಮೂರೇ ಹನಿ ಮದ್ದು. ಅದನ್ನು ಅರೆಯುವ ಸೊಪ್ಪು ಮತ್ತೆ ಚಿಗುರುವುದು ಮಳೆ ಬಿದ್ದ ಮೇಲೆ. ಅಲ್ಲಿಯ ತನಕ ಈ ಕಣ್ಣು ತಡೆಯುವುದಿಲ್ಲ ಎಂದು ಮರುಳಯ್ಯನವರು ಮುಚ್ಚಿಡದೆ ಹೇಳಿದರು.

ತಾಯಿ ಚಾಪೆಯ ಮೇಲೆ ಮಲಗಿದಳು. ಕಲ್ಲೇಶ ನಿಂತಲ್ಲಿಂದಲೇ ಹತ್ತಿಯನ್ನು ಮದ್ದಿಗೆ ಅದ್ದಿ ಹಿಂಡಿದ. ಹನಿ ಬಂದು ಬಡಿದದ್ದೇ ತಡ, ಅವಳು ಬೆಚ್ಚಿ ಕಣ್ಣು ಮುಚ್ಚಿಕೊಂಡಳು. ಮದ್ದೆಲ್ಲ ಸಿಡಿದು ಕೆನ್ನೆಗೆ ಇಳಿಯಿತು. ಎರಡನೆಯದೂ ಹಾಗೇ ಹೋಯಿತು.

ಮೂರನೆಯದಕ್ಕೆ ಗುರುಗಳು ಅವನ ಮಣಿಕಟ್ಟು ಹಿಡಿದರು.

"ಹೊಳೆಗೆ ಹೋಗು. ಕರೀ ಕಲ್ಲಿನ ಮೇಲೆ ನೀರಿನ ಹನಿ ಬಿಡು. ಏನಾಗ್ತದೆ ನೋಡ್ಕೊಂಡು ಬಾ."

ಕಲ್ಲೇಶನಿಗೆ ಮೈಯೆಲ್ಲ ಉರಿಯಿತು. ಇಲ್ಲಿ ತಾಯಿಯ ಕಣ್ಣು ಹೋಗುತ್ತಿದೆ, ಇವರು ನೀರಾಟಕ್ಕೆ ಕಳಿಸುತ್ತಿದ್ದಾರೆ ಎಂದು ದಾರಿಯುದ್ದಕ್ಕೂ ಗೊಣಗಿದ.

ಎದೆಯೆತ್ತರದಿಂದ ಬಿಟ್ಟ ಹನಿ ಕಲ್ಲಿಗೆ ಬಡಿದು ಚೂರುಚೂರಾಗಿ ಸಿಡಿಯಿತು. ಮಂಡಿಯೆತ್ತರದಿಂದ ಬಿಟ್ಟದ್ದು ಸುತ್ತಲೂ ಮುಳ್ಳು ಮುಳ್ಳಾಗಿ ಎದ್ದು ಒಂದೆರಡು ಚೂರು ಹಾರಿಸಿತು. ಕಲ್ಲು ಒಣಗುವ ತನಕ ಕಾಯುವ ತಾಳ್ಮೆ ಅವನಿಗೆಲ್ಲಿ, ಪಂಚೆಯ ಚುಂಗಿನಿಂದ ಒರೆಸಿ ಒರೆಸಿ ಬಿಟ್ಟ. ಕೊನೆಗೆ ಮಂಡಿಯೂರಿ ಕೂತು, ಕೈಯನ್ನು ಎರಡು ಬೆರಳು ಎತ್ತರಕ್ಕೆ ತಂದ.

ಈ ಸಲ ಹನಿ ಸಿಡಿಯಲಿಲ್ಲ. ಕಲ್ಲು ಮುಟ್ಟಿ ಅಗಲವಾಯಿತು, ತುಸು ಹಿಂದಕ್ಕೆ ಸರಿಯಿತು, ಆಮೇಲೆ ಕುಂಕುಮದ ಬೊಟ್ಟಿನ ಹಾಗೆ ದುಂಡಗೆ ಕೂತಿತು.

ಅವನು ಓಡಿ ಬಂದ. ಬಗ್ಗಿ ಬಿಟ್ಟರೆ ಸಿಡಿಯಲ್ಲ, ಗೊತ್ತಾಯಿತು ಎಂದು ಏದುಸಿರಿನಲ್ಲೇ ಹೇಳಿ, ತಾಯಿಯ ಪಕ್ಕ ಮಂಡಿಯೂರಿ, ಹತ್ತಿಯನ್ನು ಕಣ್ಣಿನ ಹತ್ತಿರ ತಂದ. ಅವನ ಉಸಿರು ತಾಗಿದ್ದಕ್ಕೆ ಅವಳು ಆ ಕೆಂಪುಗಣ್ಣನ್ನು ಅವನತ್ತ ಹೊರಳಿಸಿದಳು. ಅವನ ಕೈ ತಾನಾಗಿಯೇ ಒಂದು ಗೇಣು ಮೇಲೆ ಹೋಯಿತು. ಇನ್ನೂ ಒಂದು ಗೇಣು ಹೋಯಿತು.

"ಕಲ್ಲಿನ ಮುಂದೆ ಬಗ್ಗಿದ್ದೆಯಲ್ಲ," ಅಂದರು ಮರುಳಯ್ಯನವರು. "ಇಲ್ಲಿ ಯಾಕೆ ಕೈ ಮೇಲೇರ್ತದೆ?"

"ಕಲ್ಲು ನನ್ನ ನೋಡಲ್ಲ, ಅಯ್ನೋರೆ."

ಆಮೇಲೆ ಎಲ್ಲವನ್ನೂ ಹೇಳಿದ. ಆರು ವರ್ಷದ ಹಿಂದೆ ತಾಯಿ ನೀರಿಗೆ ಹೋಗಿದ್ದಾಗ ಹೇಳದೆ ಕೇಳದೆ ಮನೆಯಿಂದ ಹೊರಟುಬಂದಿದ್ದ. ಎಲ್ಲಿದ್ದೀನಿ, ಹೇಗಿದ್ದೀನಿ ಎಂದು ಒಮ್ಮೆಯೂ ತಿಳಿಸಿರಲಿಲ್ಲ. ಅವನು ಇಲ್ಲಿದ್ದಾನೆಂದು ಅವಳಿಗೆ ಹೇಳಿದ್ದು ಯಾರೋ ಸಂತೆಗೆ ಹೋದವರು. ಈಗ ಯಾವ ಮುಖ ಹೊತ್ತು ಅವಳ ಕಣ್ಣಿನ ಮುಂದೆ ಬರಲಿ ಎಂದ.

ಹಾಲಮ್ಮ ಮಲಗಿದ್ದಲ್ಲಿಂದ ಎಲ್ಲ ಕೇಳಿಸಿಕೊಂಡಳು.

"ನಂಗೇನೂ ಕಾಣ್ಸಲ್ಲ ಕಣಪ್ಪ," ಅಂದಳು. "ಬಗ್ಗು."

ಅವನಿಗೆ ನಾಚಿಕೆಯೂ ಅಳುವೂ ಒಟ್ಟಿಗೇ ಬಂದವು. ಬಗ್ಗಿದ. ಅವಳ ಹುಬ್ಬು ನರೆತಿದ್ದು, ಕಣ್ಣಿನ ಮೂಲೆಯಲ್ಲಿ ಗೆರೆ ಬಿದ್ದಿದ್ದು ಆಗಲೇ ಅವನಿಗೆ ಕಂಡದ್ದು. ಅವಳು ಕೈ ಎತ್ತಿ ತಡಕಾಡಿ, ಅವನ ಕಿವಿ ಹಿಡಿದು, ಹಿಂಡದೆ ಸುಮ್ಮನೆ ಹಿಡಿದುಕೊಂಡಳು. ಅವನ ಕೈ ಎರಡು ಬೆರಳು ಎತ್ತರಕ್ಕೆ ಇಳಿದು ನಿಂತಿತು.

ಹತ್ತಿಯ ತುದಿಯಲ್ಲಿ ಕೊನೆಯ ಹನಿ ದಪ್ಪಗಾಯಿತು. ಬಿಡಲು ಅವನಿಗೆ ಧೈರ್ಯ ಬರಲಿಲ್ಲ.

"ಇರೋದು ಇದೊಂದೇ, ಅಯ್ನೋರೆ. ಕಣ್ಣಿಗೆಲ್ಲ ಸಾಕಾಗ್ತದಾ?"

ಮರುಳಯ್ಯನವರು ನಡುಗುವ ಕೈಯನ್ನು ಅವನ ಬೆನ್ನ ಮೇಲಿಟ್ಟರು.

"ಬಗ್ಗೋದು ನಿನ್ನ ಕೆಲಸ, ಮಾಡಿದೆ. ಹರಡೋದು ಹನಿ ಕೆಲಸ. ಬಿಡು."