ಪಕ್ಕದವಳ ಪೆಟ್ಟಿಗೆ

“ಬುದ್ಧೀ, ನಮ್ಮಿಬ್ಬರಿಗೂ ಪಾಠ ಹೇಳಿದವರು ನೀವೇ. ಹಾಗಿದ್ದಮೇಲೆ ಹಬ್ಬದ ಪ್ರವಚನ ನಾಗಾಂಬಿಕೆಗೇ ಏಕೆ?” ಎಂದು ಶಿಷ್ಯೆ ಮರಿದೇವಮ್ಮ ಗುರುಗಳನ್ನು ಕೇಳಿದಳು. ಮಠದ ಸಭೆಯಲ್ಲಿ ಒಮ್ಮೆಯಾದರೂ ತಾನು ಮಾತನಾಡಬೇಕೆಂಬುದು ಅವಳ ಬಹುದಿನದ ಆಸೆ. ಅದು ಮತ್ತೊಬ್ಬಳ ಪಾಲಾದಾಗಿನಿಂದ ಅವಳ ಒಡಲಿನಲ್ಲಿ ಕೆಂಡ ಆರಿರಲಿಲ್ಲ.

ಗುರುಗಳು ಅವಳನ್ನು ಕೂರಿಸಿ ಹೇಳತೊಡಗಿದರು.

ಪುಸ್ತಕಗಳಿಗೆ ಅಕ್ಷರ ಜೋಡಿಸುವ ಕಚೇರಿಯೊಂದರಲ್ಲಿ ಇಬ್ಬರು ಹೆಂಗಸರು ಅಕ್ಕಪಕ್ಕ ಕುಳಿತು ಕೆಲಸ ಮಾಡುತ್ತಿದ್ದರು. ಅವರ ಕಂಪ್ಯೂಟರ್ ಪೆಟ್ಟಿಗೆಗಳಲ್ಲಿ ಏನನ್ನೂ ಉಳಿಸಿಕೊಳ್ಳುವ ಡಿಸ್ಕ್ ಇರಲಿಲ್ಲ. ಒಳಕೋಣೆಯಲ್ಲಿ ಒಂದು ಸರ್ವರ್ ಇತ್ತು. ಗುಂಡಿ ಒತ್ತಿದೊಡನೆ ಎಲ್ಲ ಪೆಟ್ಟಿಗೆಗಳೂ ಬೇಕಾದುದನ್ನು ತಂತಿಯ ಮೂಲಕ ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದವು. ಮಾಡಿದ ಕೆಲಸವೂ ಅವರವರ ಹೆಸರಿನಲ್ಲಿ ಅಲ್ಲಿಗೇ ಹೋಗಿ ಸೇರುತ್ತಿತ್ತು.

ಒಬ್ಬಳ ಪುಟಗಳು ಬೆಳೆಯುತ್ತಾ ಹೋದವು. ಇನ್ನೊಬ್ಬಳು ಅವುಗಳನ್ನು ಓರೆಗಣ್ಣಿನಿಂದ ನೋಡುತ್ತಾ ಕುಳಿತಳು. ಯಜಮಾನ ತನಗೆ ಬೇಕಾದವಳಿಗೆ ಒಳ್ಳೆಯ ಪೆಟ್ಟಿಗೆ ಕೊಟ್ಟಿದ್ದಾನೆಂದು ಅವಳ ದೂರು. ಪೆಟ್ಟಿಗೆಯೊಳಗೆ ಏನೂ ಇಲ್ಲವೆಂದು ಯಜಮಾನ ಎಷ್ಟೋ ಸಲ ಹೇಳಿದ್ದ. ಹೊಟ್ಟೆಕಿಚ್ಚಿನ ಕಿವಿಗೆ ಅಂಥ ಮಾತು ಹೊಕ್ಕೀತೇ? ಒಬ್ಬಳನ್ನು ಮೇಲ್ವಿಚಾರಕಿಯಾಗಿ ಆರಿಸುವ ದಿನ ಅವಳು ಎಲ್ಲರಿಗಿಂತ ಮೊದಲು ಬಂದು ಎರಡು ಪೆಟ್ಟಿಗೆಗಳನ್ನೂ ಅದಲುಬದಲು ಮಾಡಿದಳು.

ಯಜಮಾನ ಬಂದು ಕೆಲಸ ತೋರಿಸಿರೆಂದ. ಇವಳು ಬದಲಾಯಿಸಿಕೊಂಡ ಪೆಟ್ಟಿಗೆಯಲ್ಲಿ ತನ್ನ ಹೆಸರು ಒತ್ತಿದಳು. ತನ್ನದೇ ಅರ್ಧ ಪುಟ ಬಂತು. ಪಕ್ಕದವಳು ಇವಳ ಹಳೆಯ ಪೆಟ್ಟಿಗೆಯಲ್ಲಿ ತನ್ನ ಹೆಸರು ಒತ್ತಿದಳು; ಪುಸ್ತಕವೆಲ್ಲ ಬಂತು.

ಪಕ್ಕದವಳು ಇವಳ ಮುಂದಿದ್ದ ತನ್ನ ಪೆಟ್ಟಿಗೆಯನ್ನು ಅದರ ಮೇಲಿನ ಗೀರಿನಿಂದ ಗುರುತಿಸಿ ನಕ್ಕಳು. “ಬಾಯಿಬಿಟ್ಟು ಕೇಳಬಾರದಿತ್ತೇ ಅಕ್ಕಾ? ಎತ್ತಿಡಲು ನಾನೂ ಒಂದು ಕೈ ಹಿಡಿಯುತ್ತಿದ್ದೆ.”

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಮರಿದೇವಮ್ಮನಿಗೆ ಸಮಾಧಾನವಾಗಲಿಲ್ಲ. ಪೆಟ್ಟಿಗೆಯ ಮಾತು ತನಗೇಕೆ, ತಾನು ಯಾರದನ್ನೂ ಕದ್ದವಳಲ್ಲವೆಂದು ಅವಳು ವಾದಿಸಿದಳು.

“ಇಲ್ಲ ತಾಯಿ, ನೀನು ಕದ್ದಿಲ್ಲ. ನಿನ್ನೆ ನಾನು ಹೇಳಿದ ಪಾಠವನ್ನು ಒಮ್ಮೆ ಹೇಳು, ಕೇಳೋಣ,” ಎಂದರು ಗುರುಗಳು.

ನಿನ್ನೆ ನಾಗಾಂಬಿಕೆ ಎಲ್ಲಿ ಕುಳಿತಿದ್ದಳು, ಏನು ಕೇಳಿದಳು, ಗುರುಗಳು ಅವಳತ್ತ ತಿರುಗಿ ಹೇಗೆ ತಲೆದೂಗಿದರು, ಎಲ್ಲವೂ ನೆನಪಿತ್ತು. ಪಾಠದ ಒಂದು ಮಾತೂ ಮರಿದೇವಮ್ಮನಿಗೆ ನೆನಪಾಗಲಿಲ್ಲ.