ಆಮೆ ವಕೀಲರ ಹೊಸ ಜೂನಿಯರ್

೧೯೭೮ರ ಜುಲೈ ೧೪ರ ನನ್ನ ದಿನಚರಿಯಲ್ಲಿರುವ ಕಥೆಯಿದು. ತಂಗಿ ಸುಗುಣಾ ವಕೀಲಿ ಪರೀಕ್ಷೆ ಪಾಸಾದ ದಿನ ಅವಳಿಗೆಂದು ಬರೆದದ್ದು.

ಗಿಳಿಯೊಂದು ಆಮೆ ವಕೀಲರ ಬಳಿ ಜೂನಿಯರ್ ಕೆಲಸ ಕೇಳಲು ಬಂದು, "ಸಾರ್, ನಿಮ್ಮ ಓಟದ ವೇಗಕ್ಕೆ ಮಾರುಹೋಗಿದ್ದೇನೆ" ಎಂದಿತು.

"ಇದು ಮೊಲ ವಕೀಲರಿಗೆ ಹೇಳಿದ ಮಾತಲ್ಲವೇನಮ್ಮ?"

"ಕೆಲಸ ಕೇಳಲು ಹೋದ ಐದು ಆಫೀಸಿನಲ್ಲೂ ಇದನ್ನೇ ಹೇಳಿದೆ, ಸಾರ್."

"ನನ್ನ ಒಂದು ಕೇಸನ್ನಾದರೂ ನೋಡಿದ್ದೀಯಾ?"

"ಇಲ್ಲ."

"ಹಾಗಾದರೆ ಒಂದು ವಾರ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಬಾಯಿ ಮುಚ್ಚಿಕೊಂಡು ಕೂತು ನೋಡು."

ಎಂಟನೆಯ ದಿನ ಗಿಳಿ ಮರಳಿ ಬಂದಿತು. "ಸಾರ್, ನಿಮ್ಮದು ಬಹಳ ನಿಧಾನ. ಆದರೆ ಮೂರು ಕೇಸಿನಲ್ಲಿ ಮೊಲ ವಕೀಲರು ಮುಂದಿನ ತಾರೀಖು ಕೇಳಿದರು. ಮೂರರಲ್ಲೂ ನೀವು ವಾದಕ್ಕೆ ಸಿದ್ಧರಾಗಿದ್ದಿರಿ."

"ನಾಳೆಯಿಂದ ಫೈಲು ಹಿಡಿದುಕೊಂಡು ಬಾ" ಎಂದರು ಆಮೆ ವಕೀಲರು.

ಆ ಕೆಲಸಕ್ಕಾಗಿ ಗಿಳಿ ತೆತ್ತದ್ದು ಒಂದು ವಾರ ಆಡದೇ ಬಿಟ್ಟ ಮಾತು.